ಹಾಜರಿ ಹೊದಿಕೆ: 2020–21ರ ಪಟ್ಟಿ ಕೊನೆಗೂ ಕೂತಿತು

ಕೂತಿತು! ಕೊನೆಯ ಸಾಲು ಮುಗಿಸಿ ನೆಲದ ಮೇಲೆ ಹಾಸಿ ನೋಡಿದೆ. ಅಂಚು ಒಳಗೆ ಎಳೆದುಕೊಂಡಿಲ್ಲ, ಪಟ್ಟಿ ಉಬ್ಬಿಲ್ಲ. ಇಷ್ಟು ತಲೆ ತಿಂದ ಪಟ್ಟಿ ಬೇರೆ ಇಲ್ಲ. ಅದಕ್ಕೇ ಈ ಸಲದ ಬರಹದಲ್ಲಿ ಹೆಚ್ಚಿನ ಜಾಗ ಇದಕ್ಕೇ.

ಹೊಸದಾಗಿ ಓದುವವರಿಗೆ ಎರಡು ಮಾತು. ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಗೈರುಹಾಜರಿಯ ಅಂಕಿಗಳನ್ನು ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ) ಹೊದಿಕೆಯಾಗಿ ಹಾಕುತ್ತಿದ್ದೇನೆ. ಅಲ್ಲಿ ಶಾಲಾ ವರ್ಷ ಅಂದರೆ 190 ದಿನ. ದಿನಕ್ಕೆ ಎರಡು ಹೊತ್ತು ಹಾಜರಿ, ಒಟ್ಟು 380 ಹೊತ್ತು. ಅಡ್ಡಕ್ಕೆ 190 ಹೊಲಿಗೆ ಹಾಕಿದರೆ ಒಂದು ಹೊಲಿಗೆಗೆ ಒಂದು ದಿನ. ಒಂದು ವರ್ಷಕ್ಕೆ ಎಂಟು ಸಾಲಿನ ಒಂದು ಪಟ್ಟಿ. ಬಂದ ದಿನ ಹಸಿರು, ತಪ್ಪಿದ ದಿನ ಇಟ್ಟಿಗೆ ಕೆಂಪು. ಕೆಂಪೆಲ್ಲ ಎಡ ಅಂಚಿನಲ್ಲಿ ಒಟ್ಟಿಗೆ. ಪೂರ್ತಿ ಸಿಂಗಲ್ ಕ್ರೋಶಾ, ಅಂದರೆ ಗಿಡ್ಡ, ಒತ್ತಾದ ಹೊಲಿಗೆ.

2006–07ರಿಂದ ಶುರು. ಆ ವರ್ಷ ಗೈರು ಶೇ. 6.5, ಅಂದರೆ ಹನ್ನೆರಡು ಹೊಲಿಗೆಗಿಂತ ಸ್ವಲ್ಪ ಜಾಸ್ತಿ. ಏರಿಳಿತ ಇದ್ದರೂ ಕೆಂಪು ಸೊರಗುತ್ತಾ ಬಂದು 2013–14ಕ್ಕೆ ಶೇ. 4.5 ಆಯಿತು. 2018–19ರಲ್ಲಿ ಶೇ. 4.7, ಒಂಬತ್ತು ಹೊಲಿಗೆ. ಇಲ್ಲಿಯವರೆಗೆ ಕೈ ತಾನಾಗಿ ಓಡಿತು.

2019–20ಕ್ಕೆ ಇಡೀ ವರ್ಷದ ಅಂಕಿಯೇ ಇಲ್ಲ. 2020ರ ಮಾರ್ಚ್ 20ರ ಶುಕ್ರವಾರ ತರಗತಿ ಮುಗಿದ ಮೇಲೆ ಬಹುಪಾಲು ಮಕ್ಕಳಿಗೆ ಶಾಲೆ ಮುಚ್ಚಿತು. ಲೆಕ್ಕ ಪ್ರಕಟವಾದದ್ದು ಮೊದಲ ಟರ್ಮಿಗೆ ಮಾತ್ರ. ಹಾಗಾಗಿ ಆ ಪಟ್ಟಿಯನ್ನು ಜಾಳಿಗೆ ಮಾಡಿದೆ: ಒಂದು ಡಬಲ್ (ಎತ್ತರದ ಹೊಲಿಗೆ), ಎರಡು ಚೈನ್ (ಬರೀ ಕುಣಿಕೆ), ಮತ್ತೆ ಒಂದು ಡಬಲ್. ನಾಲ್ಕೇ ಸಾಲಿಗೆ ಎಂಟು ಸಾಲಿನ ಎತ್ತರ ಬಂತು. ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ. ಅಂಕಿ ಇಲ್ಲದ ವರ್ಷಕ್ಕೆ ಬಣ್ಣ ತುಂಬುವುದು ಸರಿಯಲ್ಲ ಅಲ್ವಾ?

ತಕರಾರು ಮುಂದಿನ ಪಟ್ಟಿಯದು. 2020–21ರ ಗೈರು ಶೇ. 4.6. ಲೆಕ್ಕದ ಪ್ರಕಾರವೇ ಹಾಕಿದೆ: ಆರು ಸಾಲಿಗೆ ಒಂಬತ್ತು ಕೆಂಪು, ಎರಡು ಸಾಲಿಗೆ ಎಂಟು. ದೂರ ನಿಂತು ನೋಡಿದರೆ, ಮಹಾಮಾರಿಯ ನಡುವಿನ ವರ್ಷ 2018–19ಕ್ಕಿಂತ ಒಳ್ಳೆಯ ವರ್ಷವಾಗಿ ಕಾಣುತ್ತಿದೆ! ತಿಂಗಳುಗಟ್ಟಲೆ ಮಕ್ಕಳು ಮನೆಯಲ್ಲಿ ಕೂತ ವರ್ಷ ಅದು. ಹೊದಿಕೆಯಲ್ಲಿ ಮಾತ್ರ ಅಚ್ಚ ಹಸಿರು. ಕೈ ಕಾಲು ಆಡಲಿಲ್ಲ.

ಕಾರಣ ಹಾಜರಿ ಪುಸ್ತಕದ ಕೋಡುಗಳಲ್ಲಿದೆ. ಆ ವರ್ಷ ಕೊರೊನಾ ಸಂಬಂಧದಿಂದ ಬರಲಾಗದ ಮಕ್ಕಳಿಗೆ ಎಕ್ಸ್ ಕೋಡ್ ಹಾಕುತ್ತಿದ್ದರು. ಅದು ಗೈರಿನ ಲೆಕ್ಕಕ್ಕೆ ಸೇರುವುದಿಲ್ಲ. ಪರೀಕ್ಷೆಯಲ್ಲಿ ಸೋಂಕು ಖಚಿತವಾದ ಮಗುವಿಗೆ ಕಾಯಿಲೆಯ ಐ ಕೋಡ್, ಅದು ಗೈರು. ಅದೇ ಮಗುವಿನ ಪಕ್ಕ ಕೂತಿದ್ದಕ್ಕೆ ಮನೆಗೆ ಕಳಿಸಿದ ಮಗುವಿಗೆ ಎಕ್ಸ್, ಅದು ಗೈರಲ್ಲ. ಒಂದೇ ಬೆಂಚಿನ ಇಬ್ಬರು, ಇಬ್ಬರೂ ತರಗತಿಯಲ್ಲಿಲ್ಲ. ಹೊದಿಕೆಯಲ್ಲಿ ಒಬ್ಬರು ಕೆಂಪು, ಇನ್ನೊಬ್ಬರು ಹಸಿರು.

ಹಾಗಂತ ಎಕ್ಸನ್ನು ಕೆಂಪು ಮಾಡಲು ನನಗೆ ಮನಸ್ಸಿಲ್ಲ. ಆ ಮಕ್ಕಳು ಶಾಲೆ ತಪ್ಪಿಸಿದವರಲ್ಲ, ಬರಬೇಡಿ ಎಂದು ಹೇಳಿಸಿಕೊಂಡವರು. ಎಷ್ಟೋ ಮಕ್ಕಳು ಮನೆಯಿಂದಲೇ ಪಾಠ ಕೇಳಿದ್ದಾರೆ. ಇನ್ನು ಹಸಿರು ಬಿಟ್ಟರೆ ಅದು ಶುದ್ಧ ಸುಳ್ಳು. ಮೂರನೇ ಬಣ್ಣ ಬೇಕೇ ಬೇಕು. ಬೂದು ಆರಿಸಿದೆ.

ಎಷ್ಟು ಬೂದು? ಎಕ್ಸ್ ಆದ ಹೊತ್ತುಗಳು ವರ್ಷದ ಸುಮಾರು ಐದನೇ ಒಂದು ಭಾಗ. 190ರಲ್ಲಿ ನಲವತ್ತರ ಆಸುಪಾಸು. ಮೊದಲು ಹೊಳೆದದ್ದು ಸಾಲಿನ ಉದ್ದಕ್ಕೂ ಐದಕ್ಕೊಂದು ಬೂದು ಹೊಲಿಗೆ ಚೆಲ್ಲುವುದು. ಚಿತ್ರದಲ್ಲಿ ಚೆಂದ ಇತ್ತು. ಹಾಕಿದ ಮೇಲೆ ಗೋಳು. ಬೂದು ದಾರವನ್ನು ಸಾಲಿಡೀ ಹೊಲಿಗೆಯ ಒಳಗೆ ಹಾಯಿಸಬೇಕು. ಪಟ್ಟಿ ರಟ್ಟಿನಂತೆ ಗಟ್ಟಿಯಾಯಿತು, ಅಗಲ ಒಳಗೆ ಎಳೆಯಿತು, ಹಸಿರಿನ ಸಂದಿಯಿಂದ ಬೂದು ಇಣುಕಿತು. ಕಡ್ಡಿ ಒಂದು ನಂಬರ್ ದೊಡ್ಡದು ಮಾಡಿದರೆ ಎಳೆತ ತಗ್ಗಿತು, ಇಣುಕುವುದು ಜಾಸ್ತಿಯಾಯಿತು.

ಬಿಚ್ಚಿದ ದಾರಕ್ಕೆ ಮತ್ತೆ ಜೀವ ಬರುವುದಿಲ್ಲ, ಗೊತ್ತಲ್ಲ. ಹೊಸ ಹಸಿರು ತರಿಸಿದೆ. ಅಂಗಡಿಯವರಿಗೆ ಲಾಟ್ ನಂಬರ್ (ಒಂದೇ ಸಲಕ್ಕೆ ಬಣ್ಣ ಹಾಕಿದ ದಾರದ ಗುರುತು) ಬರೆದು, ಲೇಬಲ್ಲಿನ ಫೋಟೊ ಕೂಡ ಕಳಿಸಿದ್ದೆ. ಬಂದದ್ದು ಬೇರೆ ಲಾಟ್. "ಬಣ್ಣದ ನಂಬರ್ ಅದೇ ಅಲ್ವಾ" ಎಂಬ ಉತ್ತರ. ಅದೇ ನಂಬರ್, ಆದರೆ ಹಗಲಲ್ಲಿ ಪಕ್ಕಪಕ್ಕ ಇಟ್ಟರೆ ಒಂದು ಮಾವಿನೆಲೆ, ಇನ್ನೊಂದು ಒಣಗಿದ ಮಾವಿನೆಲೆ. ಉಲ್ಲನ್ ಮಾರುವವರು ಲಾಟ್ ಅಂದರೇನು ಎಂದು ತಿಳಿದುಕೊಳ್ಳಲೇಬೇಕು.

ಕಾಯುವಾಗ ಮುಂದಿನ ಹೊದಿಕೆಯ ಲೆಕ್ಕ ಹಾಕಿಬಿಟ್ಟೆ! ಈ ಹೊದಿಕೆ ತೋರಿಸುವುದು ಸರಾಸರಿ ಮಗುವನ್ನು. ಅಂಥ ಮಗು ಯಾವ ಬೆಂಚಿನಲ್ಲೂ ಇಲ್ಲ. ಅದಕ್ಕೆ ಮುಂದಿನದು ನೂರು ಗ್ರ್ಯಾನಿ ಸ್ಕ್ವೇರ್ (ಬಿಡಿಬಿಡಿಯಾಗಿ ಹಾಕಿ ಜೋಡಿಸುವ ಕ್ರೋಶಾ ಚೌಕ), ನೂರು ಮಕ್ಕಳು. ಹತ್ತರಲ್ಲೊಂದು ಪಾಲು ಅಥವಾ ಹೆಚ್ಚು ಹೊತ್ತು ತಪ್ಪಿಸಿಕೊಂಡವರನ್ನು ಅಲ್ಲಿ ನಿರಂತರ ಗೈರು ಎಂದು ಎಣಿಸುತ್ತಾರೆ. ಇಡೀ ವರ್ಷಕ್ಕೆ 19 ದಿನ. 2018–19ರಲ್ಲಿ ಅಂಥವರು ಶೇ. 10.9, ಹನ್ನೊಂದು ಚೌಕ. 2023–24ರಲ್ಲಿ ಶೇ. 20, ಇಪ್ಪತ್ತು ಚೌಕ. ಅದರೊಳಗೆ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ವರ್ಷ ಕಳೆದುಕೊಂಡ ಮಕ್ಕಳು: ಶೇ. 0.8 ಇದ್ದದ್ದು ಶೇ. 2.3 ಆಗಿದೆ. ಒಂದು ಚೌಕ ಇದ್ದ ಕಡೆ ಎರಡು. 2015–16ಕ್ಕೆ ಮೊದಲು ಗಡಿ ಶೇ. 15 ಇತ್ತು, ಹಾಗಾಗಿ ಹಳೆಯ ವರದಿಗಳಿಂದ ಅಂಕಿ ಎತ್ತುವವರು ಜೋಪಾನ. ಎರಡು ಹೊದಿಕೆ ಅಕ್ಕಪಕ್ಕ ಹಾಕಬೇಕು. ಚೌಕಗಳನ್ನು ಜೋಡಿಸುವುದು ಹೇಗೆ ಎಂಬ ಯೋಚನೆ ಈಗಲೇ ಶುರುವಾಗಿದೆ. ಇರಲಿ, ಬೂದಿಗೆ ಬರೋಣ.

ಗಂಟು ಬಿಚ್ಚಿದ್ದು ಕ್ಯಾಲೆಂಡರ್ ನೋಡಿದಾಗ. ಸರಾಸರಿಯ ಕೆಂಪಿಗೆ ತಾರೀಖಿಲ್ಲ, ಅದು ವರ್ಷದಲ್ಲಿ ಎಲ್ಲಿ ಬೇಕಾದರೂ ಬಿದ್ದಿರಬಹುದು. ಬೂದಿಗೆ ತಾರೀಖು ಇದೆ! ಅದರ ಬಹುಪಾಲು 2021ರ ಜನವರಿ ಮೊದಲ ವಾರದಿಂದ ಮಾರ್ಚ್ 8ರಂದು ಶಾಲೆ ತೆರೆಯುವವರೆಗಿನದು. ಹಾಗಿದ್ದ ಮೇಲೆ ಐದಕ್ಕೊಂದರಂತೆ ಚೆಲ್ಲುವುದೇಕೆ? ಬಲ ಅಂಚನ್ನು ಸೆಪ್ಟೆಂಬರ್ ಎಂದಿಟ್ಟುಕೊಂಡು, ಜನವರಿ ಬರುವ ಜಾಗದಲ್ಲಿ ಒಂದೇ ಬೂದು ಬ್ಲಾಕ್. ಮನೆಗೆ ಕಳಿಸಿದ ಉಳಿದ ದಿನಗಳ ಚಿಲ್ಲರೆಯನ್ನು ಬ್ಲಾಕಿನ ಅಂಚಿಗೆ ಸೇರಿಸಿ ಮೆಟ್ಟಿಲು ಮಾಡಿದೆ.

ಬ್ಲಾಕ್ ಆದ ಕೂಡಲೇ ದಾರ ಹಾಯಿಸುವ ಕಾಟವೇ ತಪ್ಪಿತು. ಪೂರ್ತಿ ಇಂಟಾರ್ಸಿಯಾ, ಅಂದರೆ ಪ್ರತಿ ಬಣ್ಣದ ಭಾಗಕ್ಕೂ ಬೇರೆ ಉಂಡೆ. ಹಸಿರಿಗೆ ಎರಡು ಉಂಡೆ, ಬೂದಿಗೆ ಒಂದು, ಕೆಂಪಿಗೆ ಒಂದು. ಬದಲಿಸುವ ಕಡೆ ಹಿಂದಿನ ಹೊಲಿಗೆಯ ಕೊನೆಯ ಎಳೆತವನ್ನು ಹೊಸ ಬಣ್ಣದಲ್ಲೇ ಮುಗಿಸಿ, ಎರಡೂ ದಾರವನ್ನು ಒಮ್ಮೆ ಸುತ್ತಿಸಿದೆ. ಇಲ್ಲದಿದ್ದರೆ ಅಲ್ಲಿ ಸೀಳು ಬಿಡುತ್ತದೆ. ಹಿಂದಿರುಗುವ ಸಾಲಿನಲ್ಲಿ ಬಿಟ್ಟ ದಾರವನ್ನು ಮುಂದಕ್ಕೆ ತರುವುದು ಮರೆಯಬೇಡಿ, ಉಲ್ಟಾ ಬದಿ ಆಗ ನಮ್ಮ ಕಡೆಗಿರುತ್ತದೆ. ಉಂಡೆಗಳು ಜಡೆ ಹಾಕಿಕೊಳ್ಳದಿರಲು ಒಂದು ಸಾಲು ಬಲಕ್ಕೆ ತಿರುಗಿಸಿ, ಮುಂದಿನದು ಎಡಕ್ಕೆ. ಬೂದು ದಾರವನ್ನು ಬಟ್ಟೆ ಕ್ಲಿಪ್ಪಿಗೆ ಸುತ್ತಿಕೊಂಡರೆ ಇನ್ನೂ ಸಲೀಸು.

ಮುಂದಿನ ಮೂರು ಪಟ್ಟಿ ಸರಾಗವಾಗಿ ಬಂತು. ಶೇ. 7.6, ಆಮೇಲೆ 7.4, 2023–24ಕ್ಕೆ 7.1. ಕೊನೆಯದಕ್ಕೆ ಹದಿಮೂರೂವರೆ ಹೊಲಿಗೆ ಬರುತ್ತದೆ, ಅದಕ್ಕೆ ನಾಲ್ಕು ಸಾಲಿಗೆ ಹದಿಮೂರು, ನಾಲ್ಕಕ್ಕೆ ಹದಿನಾಲ್ಕು. ಒಂಬತ್ತರಿಂದ ಹದಿನಾಲ್ಕಕ್ಕೆ ಕೆಂಪು ಹಾರುವ ಜಾಗದಲ್ಲಿ ಈಗ ನಡುವೆ ಜಾಳಿಗೆ ಇದೆ, ಬೂದು ಇದೆ. ನೋಡಿದವರು ಮೊದಲು ಅಲ್ಲೇ ಬೆರಳಿಟ್ಟು ಇದೇನು ಎಂದು ಕೇಳುತ್ತಾರೆ. ನನಗೆ ಬೇಕಿದ್ದದ್ದು ಅದೇ.

ಇನ್ನು ಉಳಿದದ್ದು ದಾರದ ತುದಿಗಳನ್ನು ಒಳಗೆ ಸೇರಿಸುವುದು ಮತ್ತು ಸುತ್ತಲಿನ ಅಂಚು. ಅಂಚಿಗೆ ಒಣ ಮಾವಿನೆಲೆ ಬಣ್ಣದ ಆ ಲಾಟನ್ನೇ ಬಳಸುತ್ತೇನೆ. ನೂರು ಚೌಕದ ದಾರವನ್ನು ಮಾತ್ರ ಒಂದೇ ಸಲಕ್ಕೆ, ಎದುರಿಗೆ ನಿಂತು ಲಾಟ್ ನೋಡಿ ತರುತ್ತೇನೆ.