ಹೆಲ್ಸಿಂಕಿಯ ಬಿಳಿ ಗೋಡೆಗಳು

ಹೊಸ ಮನೆ ಕಟ್ಟಿಸುತ್ತಿರುವ ಗೆಳತಿಯೊಬ್ಬಳು ಕಳೆದ ತಿಂಗಳು ಊರಿನಿಂದ ಒಂದಷ್ಟು ಚಿತ್ರಗಳನ್ನು ಕಳುಹಿಸಿದ್ದಳು. ಬಿಳಿ ಗೋಡೆ, ತಿಳಿಬಣ್ಣದ ಮರದ ನೆಲ, ಗೋಡೆಯಗಲದ ಕಿಟಕಿ. "ಅಲ್ಲಿ ಹೆಲ್ಸಿಂಕಿಯಲ್ಲಿ ಎಲ್ಲರ ಮನೆಯೂ ಹೀಗೇ ತಾನೇ? ನನ್ನದೂ ಹೀಗೇ ಆಗಬೇಕು" ಎಂದಳು. ಬಹುಪಾಲು ಹೀಗೇ ಇರುತ್ತವೆ, ನಿಜ. ಆದರೆ ಆ ಬಿಳುಪು ಇಲ್ಲಿ ಏಕಿದೆ ಎಂಬುದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗಲಿಲ್ಲ.

ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿ ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಆರೇಳು ಡಿಗ್ರಿಯಷ್ಟೇ ಮೇಲೇರುತ್ತಾನೆ. ಎದುರು ಕಟ್ಟಡ ನಾಲ್ಕು ಅಂತಸ್ತಿನದಾದರೆ ಅವನ ಮುಖವೇ ಕಾಣುವುದಿಲ್ಲ. ಹಾಗೂ ಹೀಗೂ ಒಳಗೆ ಬಂದ ಬೆಳಕನ್ನು ಗೋಡೆ ನುಂಗಬಾರದು, ಕೋಣೆಯ ಕೊನೆಯ ಮೂಲೆಗೂ ದಾಟಿಸಬೇಕು. ಇಲ್ಲಿ ಬಿಳಿ ಬಣ್ಣಕ್ಕೆ ವಹಿಸಿರುವ ಕೆಲಸ ಅದು.

ನಾನು ಬಂದದ್ದು ನವೆಂಬರ್‌ನಲ್ಲಿ. ಬಾಡಿಗೆ ಮನೆಯ ಬಾಗಿಲು ತೆರೆದರೆ ಕೋಣೆಗಳಲ್ಲಿ ದೀಪವೇ ಇರಲಿಲ್ಲ. ಚಾವಣಿಯಲ್ಲಿ ಒಂದು ಕೊಕ್ಕೆ, ಪಕ್ಕದಲ್ಲಿ ಪ್ಲಗ್ ಚುಚ್ಚುವ ಜಾಗ, ಅಷ್ಟೇ. ಇಲ್ಲಿ ಬಾಡಿಗೆದಾರರು ತಮ್ಮ ದೀಪಗಳನ್ನು ತಾವೇ ತಂದು, ಹೋಗುವಾಗ ಕಳಚಿಕೊಂಡು ಹೋಗುತ್ತಾರೆ. ಅಂಗಡಿಯಲ್ಲಿದ್ದ ಅತಿ ಪ್ರಖರವಾದ ಬಿಳಿ ದೀಪವನ್ನೇ ತಂದು ನೇತುಹಾಕಿದೆ. ಕೋಣೆಯಲ್ಲಿ ಎಲ್ಲವೂ ಕಾಣುತ್ತಿತ್ತು, ಆದರೆ ಎಲ್ಲಿ ಕುಳಿತರೂ ಮನಸ್ಸು ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಬಂದ ನೆರೆಮನೆಯ ಹಿರಿಯ ಮಹಿಳೆ ತಲೆಯೆತ್ತಿ ನೋಡಿದರು, ತಮ್ಮ ಮನೆಗೆ ಮರಳಿ ಒಂದು ಪುಟ್ಟ ದೀಪ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು, ಬಳಿಕ ಮೇಲಿನದನ್ನು ಆರಿಸಿದರು. ಕೋಣೆ ಒಮ್ಮೆಲೇ ಚಿಕ್ಕದಾಯಿತು, ಬೆಚ್ಚಗಾಯಿತು. ಈಗ ಅದೇ ಕೋಣೆಯಲ್ಲಿ ಐದು ದೀಪಗಳಿವೆ, ಒಂದೂ ಪ್ರಖರವಲ್ಲ. ಊಟದ ಮೇಜಿನ ದೀಪವಂತೂ ಹಲಗೆಯಿಂದ ಸುಮಾರು 60 ಸೆಂಟಿಮೀಟರ್ ಎತ್ತರದಲ್ಲಿದೆ. ಎದುರು ಕುಳಿತವರ ಮುಖ ಕಾಣುತ್ತದೆ, ಬಲ್ಬು ಕಣ್ಣಿಗೆ ಚುಚ್ಚುವುದಿಲ್ಲ.

ಆ ಬೇಸಿಗೆಯಲ್ಲಿ ಮುಂಕ್ಕಿನಿಯೆಮಿ ಬಡಾವಣೆಯಲ್ಲಿರುವ ಆಲ್ಟೊ ದಂಪತಿಯ ಮನೆಗೆ ಹೋಗಿದ್ದೆ. ಅಯಿನೊ, ಆಲ್ವರ್ ಇಬ್ಬರೂ ವಾಸ್ತುಶಿಲ್ಪಿಗಳು. 1936ರಲ್ಲಿ ತಮಗಾಗಿಯೇ ಕಟ್ಟಿಕೊಂಡ ಆ ಮನೆ ಈಗ ವಸ್ತುಸಂಗ್ರಹಾಲಯ. ಬೀದಿಯಿಂದ ನೋಡಿದರೆ ಸುಣ್ಣ ಬಳಿದ, ಬಿಗುಮಾನದ ಗೋಡೆ. ಒಳಗೆ ಹೋದರೆ ಇಡೀ ಮನೆ ತೋಟದ ಕಡೆಗೆ ತೆರೆದುಕೊಂಡಿದೆ. ದೊಡ್ಡ ಕಿಟಕಿಯನ್ನು ಬೆಳಕು ಬರುವ ದಿಕ್ಕಿಗೇ ಇಟ್ಟಿದ್ದಾರೆ. ಕೆಲಸದ ಕೋಣೆಗೂ ಬೈಠಕ್ಕಿಗೂ ನಡುವೆ ಒಂದು ಸರಿಸುವ ಬಾಗಿಲು. ಅಲ್ಲಿ ಯಾವುದೂ ಅದ್ದೂರಿಯಾಗಿಲ್ಲ. ನನಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಇದೇ ಆಲ್ಟೊ ದಂಪತಿ ರೂಪಿಸಿದ, 1933ರಲ್ಲಿ ಪೂರ್ಣಗೊಂಡ ಪೈಮಿಯೊ ಕ್ಷಯರೋಗ ಆಸ್ಪತ್ರೆಯ ಸಂಗತಿಯನ್ನು ಗೆಳತಿಗೆ ಎರಡು ಸಲ ಹೇಳಿದೆ. ಮಲಗಿದ ರೋಗಿ ದಿನವಿಡೀ ನೋಡುವುದು ಚಾವಣಿಯನ್ನು. ಆದ್ದರಿಂದ ಚಾವಣಿಗೆ ಕಣ್ಣು ತಣಿಸುವ ಹಸಿರು ಬಣ್ಣ, ದೀಪ ರೋಗಿಯ ನೋಟದಿಂದ ಆಚೆಗೆ, ನೀರು ಬಿದ್ದರೂ ಸದ್ದಾಗದಂತೆ ಬಾಗಿಸಿದ ಕೈತೊಳೆಯುವ ಬೋಗುಣಿ. ಆ ಕೋಣೆ ಮೊದಲು ಗಮನಿಸಿದ್ದು ಮಲಗಿರುವವರನ್ನು. ಗೋಡೆಯ ಬಣ್ಣ ಆಮೇಲೆ ಬಂತು.

ಇಲ್ಲಿಂದ ಏನನ್ನಾದರೂ ಒಯ್ಯಲೇಬೇಕೆಂದರೆ ಬಿಳುಪಿಗಿಂತ ಅಡುಗೆಮನೆಯ ಪಾತ್ರೆ ಆರಿಸುವ ಕಪಾಟನ್ನು ಒಯ್ಯಿರಿ ಎನ್ನುತ್ತೇನೆ. ಸಿಂಕ್‌ನ ನೇರ ಮೇಲೆ, ತಳವಿಲ್ಲದ, ಸರಳುಗಳ ಅಟ್ಟವಿರುವ ಕಪಾಟು. ತೊಳೆದ ತಟ್ಟೆಯನ್ನು ಅಲ್ಲಿಟ್ಟರೆ ನೀರು ಸಿಂಕಿಗೇ ತೊಟ್ಟಿಕ್ಕುತ್ತದೆ, ಒರೆಸುವ ಕೆಲಸವೇ ಇಲ್ಲ. 1940ರ ದಶಕದಲ್ಲಿ ಮೈಯು ಗೆಬ್‌ಹಾರ್ಡ್ ಎಂಬ ಮಹಿಳೆ ಅದನ್ನು ಇಲ್ಲಿ ರೂಪಿಸಿದರು. ಇಂದು ಅದಿಲ್ಲದ ಮನೆಯನ್ನು ನಾನು ಈ ಊರಿನಲ್ಲಿ ಕಂಡಿಲ್ಲ.

ವರ್ಷವಿಡೀ ಬಿಸಿಲು ಸುರಿಯುವ ಕಡೆ ಗೋಡೆಯಗಲದ ಗಾಜು ಮತ್ತು ಅಚ್ಚ ಬಿಳುಪು ಸೇರಿದರೆ ಕಣ್ಣು ಕುಕ್ಕುತ್ತದೆ, ಕೋಣೆ ಕಾಯುತ್ತದೆ. ಅಲ್ಲಿ ಮನೆ ಬೆಳಕನ್ನು ಸೋಸಬೇಕು, ನೆರಳನ್ನು ಸಂಪಾದಿಸಬೇಕು. ಬಣ್ಣದ ಮಾತು ಬಿಟ್ಟು, ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಒಂದು ವಾರ ನೋಡು ಎಂದು ಗೆಳತಿಗೆ ಹೇಳಿದೆ. ನಿನ್ನೆ ಅವಳಿಂದ ಮತ್ತೊಂದು ಚಿತ್ರ ಬಂತು. ಅರ್ಧ ಎದ್ದ ಪಡುವಣ ಗೋಡೆ, ಅದರ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ, ಪಕ್ಕದಲ್ಲಿ ಅವಳ ಕೈಬರಹದಲ್ಲಿ "ನಾಲ್ಕು ಗಂಟೆ".