ಡೈನೋಗೆ ಹತ್ತಿಸುವ ಮುಂಚೆ ಕೇಳಬೇಕಾದ ಪ್ರಶ್ನೆ

ಎಂಜಿನ್ ಕಟ್ಟಿಸಲು ಬರುವವರು ಮೊದಲು ಕೇಳುವುದು "ಎಷ್ಟು ಹಾರ್ಸ್‌ಪವರ್ ಬರುತ್ತೆ?" ಅಂತ. ನಾನು ತಿರುಗಿ ಕೇಳುವುದು "ಎಷ್ಟು ಆರ್‌ಪಿಎಂನಲ್ಲಿ ಓಡಿಸ್ತೀರಿ?" ಅಂತ. ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಅನ್ನುವುದು. ಉತ್ತರ ಸರಿಯಾಗಿ ಸಿಗುವವರೆಗೂ ನಾನು ಸ್ಪ್ಯಾನರ್ ಮುಟ್ಟುವುದಿಲ್ಲ.

ನನ್ನ ಕೆಲಸ ಇಂಗ್ಲೆಂಡಿನಲ್ಲಿ, ಹಳೆ ಬ್ರಿಟಿಷ್ ಕಾರುಗಳ ಎಂಜಿನ್ ಕಟ್ಟುವ ಸಣ್ಣ ವರ್ಕ್‌ಶಾಪಿನಲ್ಲಿ. ಈಚೆಗೆ ಒಂದು ಎಂಜಿ ಮಿಡ್ಜೆಟ್ ಬಂದಿತ್ತು. 1275 ಸಿಸಿಯ ಎ-ಸೀರೀಸ್ ಎಂಜಿನ್, ಮಿನಿ ಕೂಪರ್ ಎಸ್‌ನದೂ ಇದೇ ಮನೆತನ. ಫ್ಯಾಕ್ಟರಿಯಿಂದ ಬಂದಾಗ 65 ಹಾರ್ಸ್‌ಪವರ್. ಮಾಲೀಕರಿಗೆ 100 ಬೇಕಿತ್ತು. ಆದರೆ ಅವರು ಓಡಿಸುವುದು ಭಾನುವಾರ, ಹಳ್ಳಿ ರಸ್ತೆಗಳಲ್ಲಿ, 2500ರಿಂದ 5500ರೊಳಗೆ.

ರೇಸ್ ಕ್ಯಾಮ್ (ವಾಲ್ವುಗಳನ್ನು ತೆರೆಸುವ ಉಬ್ಬುಗಳಿರುವ ಶಾಫ್ಟ್) ಹಾಕಿದರೆ 100ರ ಹತ್ತಿರ ಹೋಗಬಹುದು. ಅದರಲ್ಲಿ ಗಾಳಿ, ಪೆಟ್ರೋಲ್ ಒಳಬಿಡುವ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಎಂಜಿನ್ ನಿಧಾನಕ್ಕೆ ತಿರುಗುವಾಗ, ಮೇಲೆ ಬರುವ ಪಿಸ್ಟನ್ ಒಳಗೆ ಎಳೆದುಕೊಂಡದ್ದನ್ನೇ ವಾಪಸ್ ಕಾರ್ಬ್ಯುರೇಟರ್ ಕಡೆಗೆ ತಳ್ಳುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, ಹೋಯಿತು! ಡೈನೋ (ಎಂಜಿನ್ನಿಗೆ ಲೋಡ್ ಕೊಟ್ಟು ಅಳೆಯುವ ಯಂತ್ರ) ಮೇಲೆ ನೋಡಿಕೊಂಡು ಬದಲಾಯಿಸೋಣ ಅಂದರೆ ಈ 1275ಕ್ಕೆ ಪಕ್ಕದಲ್ಲಿ ಟ್ಯಾಪೆಟ್ (ಕ್ಯಾಮಿನ ಉಬ್ಬಿನ ಮೇಲೆ ಕೂರುವ ತುಂಡು) ತೆಗೆಯುವ ಕವರ್ ಇಲ್ಲ. ಕ್ಯಾಮ್ ತೆಗೆಯಲು ಎಂಜಿನ್ ಬಿಚ್ಚಿ ತಲೆಕೆಳಗು ಮಾಡಬೇಕು. ಹಾಗಾಗಿ ಆ ತೀರ್ಮಾನ ಮೊದಲೇ ಆಗಬೇಕು. ಮಾಲೀಕರ ಜೊತೆ ಕೂತು ಮಾತಾಡಿ, ರಸ್ತೆಗೆ ಹೊಂದುವ ಮೆದು ಕ್ಯಾಮ್‌ಗೆ ಒಪ್ಪಿಸಿದೆ.

ಬೋರ್, ಅಂದರೆ ಸಿಲಿಂಡರಿನ ಅಗಲ, ಅರ್ಧ ಮಿಲಿಮೀಟರ್ ಹೆಚ್ಚಿಸಿದೆವು. ಒಂದೊಂದು ಸಿಲಿಂಡರ್ ಸುಮಾರು 323 ಸಿಸಿ ಆಯಿತು. ಕಂಪ್ರೆಷನ್ (ಒಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತೇವೆ ಅನ್ನುವುದು) 10ಕ್ಕೆ 1 ಬೇಕಂದರೆ ಪಿಸ್ಟನ್ ಮೇಲೆ ಉಳಿಯಬೇಕಾದ ಜಾಗ ಸುಮಾರು 36 ಸಿಸಿ. ಇದರಲ್ಲಿ ಅಂದಾಜು ನಡೆಯಲ್ಲ. ಸಿಲಿಂಡರುಗಳ ಮೇಲಿನ ಹೆಡ್ ಮಗುಚಿಟ್ಟು, ಅದರಲ್ಲಿ ಪೆಟ್ರೋಲ್ ಉರಿಯುವ ಗುಳಿಯ, ಅಂದರೆ ಚೇಂಬರಿನ, ಅಂಚಿಗೆ ಗ್ರೀಸ್ ಸವರಿ, ತೂತಿರುವ ಪರ್ಸ್‌ಪೆಕ್ಸ್ (ಪಾರದರ್ಶಕ ಪ್ಲಾಸ್ಟಿಕ್) ತುಂಡು ಒತ್ತಿ, ಬ್ಯುರೆಟ್ ಎಂಬ ಅಳತೆ ಗೆರೆಯ ಗಾಜಿನ ನಳಿಕೆಯಿಂದ ಬಣ್ಣದ ಸೀಮೆಎಣ್ಣೆ ಬಿಡುತ್ತೇನೆ. ಕೊನೆಯ ಗಾಳಿ ಗುಳ್ಳೆ ತೂತಿನಿಂದ ಹೊರಬಂದಾಗ ಅಳತೆ ಓದಬೇಕು. ನಾಲ್ಕೂ ಚೇಂಬರ್ ಒಂದೇ ಲೆಕ್ಕಕ್ಕೆ ಬರುವವರೆಗೆ ಉಜ್ಜುವುದು, ಮತ್ತೆ ಅಳೆಯುವುದು. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಭಾಗ ಇದೇ.

ಇನ್ನು ಡೈನೋ. ಅದು ಅಳೆಯುವುದು ಟಾರ್ಕ್. ಪವರ್ ಬರೀ ಲೆಕ್ಕ. ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್. ಮೊದಲು ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳಲು 2000ದ ಮೇಲೆ ಇಪ್ಪತ್ತು ನಿಮಿಷ ಓಡಿಸಬೇಕು, ಸುಮ್ನೆ ಐಡಲ್‌ನಲ್ಲಿ ಬಿಡಬಾರದು. ಆಮೇಲೆ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಕ್ಷಣ. ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಕೊಡುತ್ತಾ ಹೋಗಿ, ಟಾರ್ಕ್ ಏರುವುದು ನಿಂತ ಕಡೆ ತುಸು ಹಿಂದಕ್ಕೆ ತಂದೆವು.

ಫುಲ್ ಲೋಡಿನಲ್ಲಿ ಲ್ಯಾಂಬ್ಡಾ ಮೀಟರ್ 12.8 ತೋರಿಸುತ್ತಿತ್ತು, ಅಂದರೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 12.8 ಪಾಲು ಗಾಳಿ. ನೋಡಲು ಚೆನ್ನಾಗಿದೆ, ಅಲ್ವಾ? ಆದರೆ ಈ ಹೆಡ್‌ನಲ್ಲಿ ಎರಡೆರಡು ಸಿಲಿಂಡರಿಗೆ ಒಂದೇ ಇನ್‌ಲೆಟ್ ಪೋರ್ಟ್. ಪಾಲು ಸಮ ಇರುವುದಿಲ್ಲ, ಮೀಟರ್ ತೋರಿಸುವುದು ಸರಾಸರಿ ಮಾತ್ರ. ಅದಕ್ಕೇ ಲೋಡಿನಲ್ಲಿರುವಾಗಲೇ ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ಬೆಂಚಿನ ಮೇಲೆ ಸಾಲಾಗಿ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆವು. ಒಳಗಿನ ಎರಡು ಕಂದು, ಹೊರಗಿನ ಎರಡು ಬಿಳಿಚಿಕೊಂಡಿದ್ದವು, ಅಂದರೆ ಅಲ್ಲಿಗೆ ಪೆಟ್ರೋಲ್ ಸಾಲುತ್ತಿಲ್ಲ. ಪೆಟ್ರೋಲ್ ಕಡಿಮೆ ಸಿಗುವ ಸಿಲಿಂಡರನ್ನೇ ಲೆಕ್ಕಕ್ಕೆ ಹಿಡಿದು ಎಸ್‌ಯು ಕಾರ್ಬ್ಯುರೇಟರುಗಳಲ್ಲಿ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸೂಜಿ ಬದಲಿಸಿದೆವು. ಗರಿಷ್ಠ ಪವರ್ ಒಂಚೂರು ಇಳಿಯಿತು. ಆದರೆ ಪಿಸ್ಟನ್ ಸುಡದೆ ಉಳಿಯುತ್ತದೆ.

ಕೊನೆಗೆ ಬಂದದ್ದು 85 ಹಾರ್ಸ್‌ಪವರ್. 2500ರಿಂದ 5500ರವರೆಗೆ ಟಾರ್ಕ್ ಎಲ್ಲೂ 100 ನ್ಯೂಟನ್ ಮೀಟರಿಗಿಂತ ಕೆಳಗಿಳಿದಿಲ್ಲ. ಶೀಟಿನಲ್ಲಿ ಸೂಜಿಯ ನಂಬರ್, ಟೈಮಿಂಗ್, ಅವತ್ತಿನ ಗಾಳಿಯ ಬಿಸಿ ಎಲ್ಲ ಬರೆದುಕೊಟ್ಟೆ. ಪೆಟ್ರೋಲ್ ಯಾವುದು ಅಂತಲೂ ಬರೆದೆ. ಇಲ್ಲಿ 2021ರಿಂದ ಮಾಮೂಲಿ ಪೆಟ್ರೋಲ್ ಇ10, ಅಂದರೆ ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತದ್ದು. ನಾವು ಟ್ಯೂನ್ ಮಾಡಿದ್ದು ಇ5 ಸೂಪರ್‌ಗೆ. ಎಥನಾಲ್ ಜಾಸ್ತಿಯಾದರೆ ಮಿಶ್ರಣ ಇನ್ನೂ ತೆಳುವಾಗುತ್ತದೆ. ನಮ್ಮೂರಲ್ಲಿ ಇ20 ಹಾಕಿಸಿ ಹಳೆ ಕಾರ್ಬ್ಯುರೇಟರ್ ಕಾರು ಓಡಿಸುವವರೂ ಒಮ್ಮೆ ಪ್ಲಗ್ ಬಿಚ್ಚಿ ನೋಡಿ.