ಗಾಜು ಇಟ್ಟರೆ ಕೈಕೊಟ್ಟ ಪ್ರೋಗ್ರಾಂ

ಲಿಕ್ವಿಡ್ ಕ್ರಿಸ್ಟಲ್ ಪದರಗಳಲ್ಲಿ ಬೆಳಕು ಹೇಗೆ ಸಾಗುತ್ತದೆಂದು ಲೆಕ್ಕ ಹಾಕುವ ಪೈಥಾನ್ ಪ್ರೋಗ್ರಾಂ ಒಂದು ನಮ್ಮ ಲ್ಯಾಬಿನಲ್ಲಿ ಕೈಯಿಂದ ಕೈಗೆ ದಾಟಿ ನನ್ನ ಪಾಲಿಗೆ ಬಂದಿತ್ತು. ಬರೆದವರು ಪಿಎಚ್‌ಡಿ ಮುಗಿಸಿ ಹೊರಟುಹೋಗಿದ್ದರು. ಕಾಮೆಂಟ್ ಅಂತ ಒಂದು ಸಾಲೂ ಇಲ್ಲ.

ಒಳಗಿದ್ದದ್ದು ವಿಜ್ಞಾನಿ ಬೆರ್ರಿಮನ್ 1972ರಲ್ಲಿ ಕೊಟ್ಟ ದಾರಿ. ಪ್ರತಿ ಪದರಕ್ಕೂ ಒಂದು 4×4 ಮ್ಯಾಟ್ರಿಕ್ಸ್, ಎಲ್ಲವನ್ನೂ ಸಾಲಾಗಿ ಗುಣಿಸುತ್ತ ಹೋಗುವುದು. ದಿಕ್ಕಿಗೊಂದು ವಕ್ರೀಭವನ ಸೂಚ್ಯಂಕ ಇರುವ ವಸ್ತುವಿನಲ್ಲಿ ಬೆಳಕಿನ ಎರಡು ಧ್ರುವೀಕರಣಗಳೂ (ಅಂದರೆ ಅಲೆ ಕಂಪಿಸುವ ದಿಕ್ಕುಗಳೂ) ಒಂದರೊಳಗೊಂದು ಬೆರೆಯುವುದರಿಂದ 2×2 ಸಾಲುವುದಿಲ್ಲ.

ಅವತ್ತು ಕೊಲೆಸ್ಟೆರಿಕ್ ಪದರವೊಂದನ್ನು ಕೊಟ್ಟೆ. ಅದರಲ್ಲಿ ಅಣುಗಳು ಸುರುಳಿ ಮೆಟ್ಟಿಲಿನ ಹಾಗೆ ತಿರುಗುತ್ತ ಹೋಗುತ್ತವೆ. ಸುರುಳಿಯ ಒಂದು ಸುತ್ತು 350 ನ್ಯಾನೋಮೀಟರ್, ಸೂಚ್ಯಂಕಗಳು 1.5 ಮತ್ತು 1.7. ಸುತ್ತಿನ ಉದ್ದದಿಂದ ಸೂಚ್ಯಂಕಗಳನ್ನು ಗುಣಿಸಿದರೆ 525 ಮತ್ತು 595 ನ್ಯಾನೋಮೀಟರ್. ಸ್ಕ್ರೀನಿನ ಮೇಲೆ ಸರಿಯಾಗಿ ಆ ಎರಡು ತರಂಗಾಂತರಗಳ ನಡುವೆ ಪ್ರತಿಫಲನ ಎದ್ದು ನಿಂತಿತು, ತಲೆ ಸಪಾಟು. ಸುರುಳಿ ತಿರುಗುವ ಕಡೆಗೇ ತಿರುಗುವ ವೃತ್ತೀಯ ಬೆಳಕು (ಕಂಪನದ ದಿಕ್ಕು ಸುತ್ತುತ್ತ ಸಾಗುವಂಥದ್ದು) ಮಾತ್ರ ವಾಪಸು, ಇನ್ನೊಂದು ಆರಾಮಾಗಿ ದಾಟಿಹೋಯಿತು. ಖುಷಿಯಾಯಿತು.

ಆಮೇಲೆ ಎರಡು ಬದಿಗೂ ಗಾಜು ಸೇರಿಸಿದೆ. ಗ್ರಾಫ್ ಖಾಲಿ. ಔಟ್‌ಪುಟ್ ತುಂಬ ನ್ಯಾನ್ (NaN, ಅಂದರೆ 'ಇದು ಸಂಖ್ಯೆಯೇ ಅಲ್ಲ'), ನ್ಯಾನ್, ನ್ಯಾನ್!

ಸರ್ ಬಂದು ನೋಡಿದರು. "ಗಾಜಿಗೆ 1.5 ಜೊತೆ 1.50001 ಅಂತ ಕೊಡು, ನೋಡೋಣ." ಕೊಟ್ಟೆ, ಓಡಿತು. "ಓಡ್ತಲ್ಲ, ಸರ್!" ಅಂದೆ. "ಓಡ್ತು ಕಣಯ್ಯ, ಆದ್ರೆ ಅದು ಗಾಜಲ್ಲ," ಅಂದರು.

ಗಾಜಿನಲ್ಲಿ ಎಲ್ಲ ದಿಕ್ಕೂ ಒಂದೇ. ಹಾಗಾಗಿ ಮುಂದಕ್ಕೆ ಸಾಗುವ ಎರಡು ಅಲೆಗಳ ವೇಗವೂ ಒಂದೇ. ಪ್ರೋಗ್ರಾಂ ಆ ವೇಗಗಳ ವ್ಯತ್ಯಾಸ ಹಿಡಿದು ಧ್ರುವೀಕರಣದ ದಿಕ್ಕು ಹುಡುಕುತ್ತಿತ್ತು. ವ್ಯತ್ಯಾಸವೇ ಇಲ್ಲದಾಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಕೂತಿತು. ಇದು ಹಳೆಯ ತೊಂದರೆಯೇ. 2000ದಲ್ಲಿ ಶು, ವುಡ್, ಗೋಲ್ಡಿಂಗ್ ಎಂಬ ಸಂಶೋಧಕರು ಇಂಥ ಸಂದರ್ಭಗಳಿಗೆಂದೇ ಬೇರೆ ಸೂತ್ರ ಕೊಟ್ಟಿದ್ದಾರೆ. ನನ್ನನ್ನು ಕೇಳಿದರೆ, ಅಷ್ಟೆಲ್ಲ ಸುರುಳಿ ಬಿಡಿಸಿದ ಕೋಡು ಕಿಟಕಿ ಗಾಜಿಗೆ ಹೆದರಿದ್ದು ಸ್ವಲ್ಪ ತಮಾಷೆಯೇ.

ನಾಲ್ಕು ಸಾಲಿನ ಶರತ್ತು ಬರೆದೆ: ಪದರ ಗಾಜಿನಂಥದ್ದಾದರೆ ಧ್ರುವೀಕರಣದ ಎಸ್ ಮತ್ತು ಪಿ ದಿಕ್ಕುಗಳನ್ನು (ಬೆಳಕು ಬಂದು ಬೀಳುವ ಸಮತಲಕ್ಕೆ ಲಂಬವಾದದ್ದು ಎಸ್, ಅದರೊಳಗೇ ಇರುವುದು ಪಿ) ನಾವೇ ಕೈಯಾರೆ ಕೊಡುವುದು. ಗ್ರಾಫ್ ಬಂತು. ಗಾಜಿನ ಹೊರಮೈಯಿಂದ ಬರುವ ಶೇ. 4ರ ಪ್ರತಿಫಲನವೂ ಈಗ ಕಾಣುತ್ತಿತ್ತು. ಅಳೆದ ಡೇಟಾವನ್ನು ಅದರ ಮೇಲೆ ಇಟ್ಟರೆ, ಲೆಕ್ಕದಲ್ಲಿ ಚೂಪಾಗಿದ್ದ ಅಂಚುಗಳು ಸ್ಯಾಂಪಲ್‌ನಲ್ಲಿ ಮೊಂಡು. ಸುರುಳಿ ಎಲ್ಲ ಕಡೆ ಒಂದೇ ಅಳತೆಯಲ್ಲಿಲ್ಲ ಅಂತ ನಾನು, ಸ್ಪೆಕ್ಟ್ರೋಮೀಟರಿನ ಸ್ಲಿಟ್ (ಬೆಳಕು ಒಳಹೋಗುವ ಸೀಳು) ಅಗಲವಾಯಿತು ಅಂತ ಸರ್. ಮಾತು ಕ್ಯಾಂಟೀನ್ ತನಕ ನಡೆಯಿತು.